ಹೊಸಪೇಟೆ ಬಿಸಿಲಲ್ಲಿ ಒಂದು ಹಳೇ 1660 ಸೂಪರ್: ಓವರ್‌ಕ್ಲಾಕ್ ಮಾಡಿದ್ದು, ಕೆಡಿಸಿಕೊಂಡಿದ್ದು, ಸರಿಮಾಡಿದ್ದು

ಗ್ರಾಫಿಕ್ಸ್ ಕಾರ್ಡು, ಅಂದರೆ ಕಂಪ್ಯೂಟರಿನಲ್ಲಿ ಚಿತ್ರ, ವಿಡಿಯೊ ಮೂಡಿಸುವ ಬೋರ್ಡು, ಸೆಕೆಂಡ್ ಹ್ಯಾಂಡ್. ಜಿಟಿಎಕ್ಸ್ 1660 ಸೂಪರ್, 6 ಜಿಬಿ, ಎರಡು ಫ್ಯಾನಿನ ಸಾದಾ ಮಾಡೆಲ್. ಹಗಲು ಅದರಲ್ಲಿ ನಾನು ಮದುವೆ ವಿಡಿಯೊ ಎಡಿಟ್ ಮಾಡುತ್ತೇನೆ, ರಾತ್ರಿ ಅಕ್ಕನ ಮಗ ಬಂದು ಗೇಮ್ ಆಡುತ್ತಾನೆ. ಓವರ್‌ಕ್ಲಾಕ್, ಅಂದರೆ ಕಂಪನಿ ಇಟ್ಟ ವೇಗಕ್ಕಿಂತ ಜೋರಾಗಿ ಓಡಿಸುವ ಹುಚ್ಚು ಹತ್ತಿಸಿದ್ದು ಅವನೇ. "ಮಾಮ, ಕೋರ್‌ಗೆ 150, ಮೆಮೊರಿಗೆ 1000 ಹಾಕು, ಎಲ್ಲರೂ ಹಾಕ್ತಾರೆ, ಏನೂ ಆಗಲ್ಲ" ಅಂದ. ಕೋರ್ ಅಂದರೆ ಕಾರ್ಡಿನ ಮುಖ್ಯ ಚಿಪ್ಪು, ಆ ನಂಬರುಗಳು ವೇಗಕ್ಕೆ ಸೇರಿಸುವ ಮೆಗಾಹರ್ಟ್ಸ್. ಎಲ್ಲರೂ ಹಾಕುತ್ತಾರೆ, ಸರಿ. ಆದರೆ ಎಲ್ಲರ ಮನೆ ಹೊಸಪೇಟೆಯಲ್ಲಿಲ್ಲ ಅಲ್ವಾ. ನನ್ನ ರೂಮು ಮಹಡಿಯಲ್ಲಿದೆ, ತಲೆ ಮೇಲೆ ಬರೀ ಆರ್‌ಸಿಸಿ ತಾರಸಿ, ಏಪ್ರಿಲ್ ಮಧ್ಯಾಹ್ನ ರೂಮಿನ ಒಳಗೇ 36 ಡಿಗ್ರಿ. ಫ್ಯಾನು ಎಷ್ಟು ಜೋರಾಗಿ ತಿರುಗಿದರೂ 36 ಡಿಗ್ರಿ ಗಾಳಿಯನ್ನೇ ತಾನೇ ಊದಬೇಕು.

ಮೊದಲ ದಿನ ಯಾವ ಸ್ಲೈಡರನ್ನೂ ಮುಟ್ಟಲಿಲ್ಲ. ಇದ್ದ ಹಾಗೇ ಎಷ್ಟು ಓಡುತ್ತದೆ ಅಂತ ಬರೆದಿಟ್ಟುಕೊಳ್ಳದೆ ಏರಿಸಲು ಹೋದರೆ ಏರಿದ್ದೆಷ್ಟು ಅಂತ ಗೊತ್ತಾಗುವುದು ಹೇಗೆ? ಆ ಸ್ಲೈಡರುಗಳಿರುವ ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡೆ, ಬೇರೆ ಕಂಪನಿಯ ಕಾರ್ಡಿಗೂ ಅದು ನಡೆಯುತ್ತದೆ. ಕಾರ್ಡಿನ ವೇಗ ಅಳೆಯುವ 3ಡಿಮಾರ್ಕ್‌ನ ಟೈಮ್ ಸ್ಪೈ ಟೆಸ್ಟ್ ಮೂರು ಸಲ ಓಡಿಸಿದೆ. ಗ್ರಾಫಿಕ್ಸ್ ಸ್ಕೋರ್ 5640ರ ಆಸುಪಾಸು ಬಂತು. ಇದೇ ಕಾರ್ಡಿಗೆ ಸಾಮಾನ್ಯವಾಗಿ 6000 ಬರಬೇಕು. ಬಿಸಿ ನೋಡಿದರೆ 83 ಡಿಗ್ರಿಗೆ ಅಂಟಿಕೊಂಡು ಕೂತಿದೆ, ಫ್ಯಾನು 90 ಪರ್ಸೆಂಟ್ ದಾಟಿ ಕಿರುಚುತ್ತಿದೆ, ಕ್ಲಾಕ್, ಅಂದರೆ ಚಿಪ್ಪಿನ ವೇಗ, ಮಾತ್ರ 1750 ಮೆಗಾಹರ್ಟ್ಸ್ ಹತ್ತಿರ ತೆವಳುತ್ತಿದೆ.

ಇಲ್ಲಿ ಒಂದು ವಿಷಯ ಹೇಳಬೇಕು. ಈ ಕಾರ್ಡಿನ ಬೂಸ್ಟ್ ಕ್ಲಾಕ್ 1785 ಅಂತ ಇದರ ಚಿಪ್ಪಿನ ಕಂಪನಿ ಎನ್‌ವಿಡಿಯಾ ಹೇಳುತ್ತದೆ. ಆದರೆ ಅದು ಗರಿಷ್ಠ ಅಲ್ಲ. ತಂಪಾಗಿದ್ದರೆ, ಪವರ್ ಮಿತಿಯೊಳಗಿದ್ದರೆ, ಕಾರ್ಡು ತಾನಾಗಿಯೇ 1900 ದಾಟಿ ಹೋಗುತ್ತದೆ. ಬಿಸಿಯಾದ ಹಾಗೆಲ್ಲ 15 ಮೆಗಾಹರ್ಟ್ಸ್‌ನಂತೆ ಒಂದೊಂದೇ ಮೆಟ್ಟಿಲು ಕೆಳಗಿಳಿಯುತ್ತದೆ. ಕೊನೆಗೆ ಬಿಸಿಯ ಮಿತಿ ಮುಟ್ಟಿದರೆ, ನನ್ನ ಕಾರ್ಡಿನಲ್ಲಿ ಅದು 83, ದಡದಡ ಇಳಿಯುತ್ತದೆ. ಅಂದರೆ ನಾನು ಕೋರ್‌ಗೆ 150 ಸೇರಿಸಿದ್ದರೂ ಈ ಸ್ಥಿತಿಯಲ್ಲಿ ಆಗುತ್ತಿದ್ದುದು ಇಷ್ಟೇ: ಒಂದು ಕೈಯಲ್ಲಿ ಕೊಟ್ಟಿದ್ದನ್ನು ಬಿಸಿ ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತಿತ್ತು.

ಹಾಗಾಗಿ ಭಾನುವಾರ ಕಾರ್ಡು ಬಿಚ್ಚಿದೆ.

ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಒಂದೆರಡು ಸಲ ಒತ್ತಿ ಒಳಗೆ ಉಳಿದ ಕರೆಂಟ್ ಹೋಗಲು ಬಿಟ್ಟೆ. ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿಕೊಂಡು ಕೆಲಸ ಶುರು. ಕಾರ್ಡಿನ ಹಿಂದೆ ಚಿಪ್ಪಿನ ಸುತ್ತ ಸ್ಪ್ರಿಂಗ್ ಇರುವ ನಾಲ್ಕು ಸ್ಕ್ರೂ, ಜೊತೆಗೆ ಅಲ್ಲಲ್ಲಿ ಕೆಲವು. ಹೀಟ್‌ಸಿಂಕನ್ನು, ಅಂದರೆ ಬಿಸಿ ಹೊರಹಾಕುವ ಲೋಹದ ರೆಕ್ಕೆಗಳ ಕಟ್ಟನ್ನು, ನೇರ ಮೇಲಕ್ಕೆಳೆಯಬಾರದು, ಚಿಪ್ಪಿನ ಬಿಸಿಯನ್ನು ಅದಕ್ಕೆ ದಾಟಿಸುವ ಹಳೇ ಪೇಸ್ಟ್ ಅಂಟಿನ ಹಾಗೆ ಹಿಡಿದಿರುತ್ತದೆ. ಹತ್ತು ನಿಮಿಷ ಗೇಮ್ ಓಡಿಸಿ ಬೆಚ್ಚಗಿರುವಾಗಲೇ ಬಿಚ್ಚಿ, ಸ್ವಲ್ಪ ಸ್ವಲ್ಪ ತಿರುಚಿದರೆ ಬಿಡುತ್ತದೆ. ಫ್ಯಾನಿನ ವೈರು ಚಿಕ್ಕದು, ಹೀಟ್‌ಸಿಂಕ್ ಎತ್ತಿದ ಜೋಶಿನಲ್ಲಿ ಅದನ್ನೂ ಕಿತ್ತು ಹಾಕುವವರು ಬಹಳ ಜನ. ನಾನೂ ಒಂದು ಕ್ಷಣ ಹಾಗೇ ಮಾಡುತ್ತಿದ್ದೆ.

ಒಳಗೆ ನೋಡಿದರೆ ಹೀಟ್‌ಸಿಂಕಿನ ರೆಕ್ಕೆಗಳ ಮಧ್ಯೆ ಕೆಂಪು ಕಂಬಳಿ. ಬೇರೆ ಊರಲ್ಲಿ ದೂಳು ಬೂದು ಬಣ್ಣದ್ದಿರುತ್ತದೆ, ನಮ್ಮ ಕಡೆ ಅದಿರು ಲಾರಿಗಳ ದಯೆಯಿಂದ ಕುಂಕುಮದ ಬಣ್ಣ. ಸಂಡೂರು ರಸ್ತೆಯ ಪಕ್ಕದ ಮನೆಗಳಲ್ಲಿ ಬಿಳಿ ಬಟ್ಟೆ ಒಣಹಾಕಿದವರನ್ನು ಕೇಳಿ, ಹೇಳುತ್ತಾರೆ. ತಾರಸಿಗೆ ಒಯ್ದು, ಮೂಗಿಗೆ ಟವೆಲ್ ಕಟ್ಟಿಕೊಂಡು, ಬ್ಲೋವರ್ ಹಿಡಿದೆ. ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡೇ ಊದಬೇಕು. ಬ್ಲೋವರ್ ಗಾಳಿಗೆ ಅದು ಹುಚ್ಚು ಹಿಡಿದಂತೆ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಹಳೇ ಪೇಸ್ಟ್ ಒಣಗಿ ಹಪ್ಪಳವಾಗಿತ್ತು. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಟಿಶ್ಯೂ ಅದ್ದಿ ಒರೆಸಿದೆ. ಸಿಪಿಯುಗೆ ಇರುವ ಹಾಗೆ ಇದರ ಮೇಲೆ ಲೋಹದ ಮುಚ್ಚಳ ಇಲ್ಲ, ಬರೀ ಸಿಲಿಕಾನ್. ಉಗುರು, ಸ್ಕ್ರೂಡ್ರೈವರ್ ತುದಿ ಏನೂ ತಾಗಬಾರದು. ಹೊಸ ಪೇಸ್ಟನ್ನು ಇಡೀ ಚಿಪ್ಪಿಗೆ ತೆಳ್ಳಗೆ ಹರಡಿದೆ. ಸಿಪಿಯು ಮೇಲೆ ಮಧ್ಯದಲ್ಲಿ ಒಂದು ಚುಕ್ಕೆ ಇಟ್ಟರೆ ಸಾಕಾಗುತ್ತದೆ, ಇಲ್ಲಿ ಮೂಲೆ ಖಾಲಿ ಉಳಿದರೆ ಆ ಮೂಲೆ ಸುಡುತ್ತದೆ. ನಾಲ್ಕು ಸ್ಕ್ರೂಗಳನ್ನು ಎದುರುಬದುರು ಮೂಲೆಯಂತೆ, ಒಂದೊಂದಕ್ಕೂ ಅರ್ಧ ಅರ್ಧ ಸುತ್ತು ಕೊಡುತ್ತಾ ಬಿಗಿ ಮಾಡಿದೆ. ಒಂದನ್ನೇ ಪೂರ್ತಿ ಬಿಗಿದರೆ ಚಿಪ್ಪಿನ ಮೂಲೆ ಒಡೆಯಬಹುದು.

ಒಂದು ತಪ್ಪು ಇಲ್ಲೇ ಮಾಡಿದೆ, ಆಗ ಗೊತ್ತಾಗಲಿಲ್ಲ. ಮೆಮೊರಿ ಚಿಪ್ಪುಗಳ ಮೇಲೆ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಮೆತ್ತಗಿನ ಥರ್ಮಲ್ ಪ್ಯಾಡ್ ಇರುತ್ತದೆ. ಈ ಕಾರ್ಡಿನಲ್ಲಿ ಒಂದೊಂದು ಜಿಬಿಯ ಆರು ಚಿಪ್ಪು. ಹೀಟ್‌ಸಿಂಕ್ ಎತ್ತುವಾಗ ಒಂದು ಪ್ಯಾಡ್ ಹರಿದು ಅರ್ಧ ಮೇಲೆ, ಅರ್ಧ ಕೆಳಗೆ ಉಳಿಯಿತು. ಎರಡನ್ನೂ ಬೆರಳಲ್ಲಿ ಒತ್ತಿ ಸೇರಿಸಿ, ನಡೆಯುತ್ತದೆ ಬಿಡು ಅಂತ ಮುಚ್ಚಿದೆ.

ಮತ್ತೆ ಅದೇ ಮಧ್ಯಾಹ್ನದ ಹೊತ್ತು, ರೂಮು 35 ಡಿಗ್ರಿ, ಅದೇ ಟೆಸ್ಟ್. ಬಿಸಿ 72. ಫ್ಯಾನು 70 ಪರ್ಸೆಂಟ್. ಕ್ಲಾಕ್ 1875. ಸ್ಕೋರ್ 6010. ಸ್ಲೈಡರ್ ಮುಟ್ಟಿಲ್ಲ, ಒಂದು ಮೆಗಾಹರ್ಟ್ಸ್ ಓವರ್‌ಕ್ಲಾಕ್ ಮಾಡಿಲ್ಲ, ಆಗಲೇ ಆರು ಪರ್ಸೆಂಟ್ ಮೇಲೆ ಬಂತು. ಅಳಿಯನಿಗೆ ಇದು ಓವರ್‌ಕ್ಲಾಕ್ ಅನ್ನಿಸಲೇ ಇಲ್ಲ. "ಇದು ಕ್ಲೀನಿಂಗ್ ಮಾಮ" ಅಂತ ಮುಖ ಸಣ್ಣ ಮಾಡಿಕೊಂಡ.

ಸರಿ, ಈಗ ಅವನ ಕೆಲಸ. ಪವರ್ ಲಿಮಿಟ್ ಸ್ಲೈಡರನ್ನು ಮೊದಲು ಕೊನೆಗೆ ತಳ್ಳಿದೆ. ನನ್ನದರಲ್ಲಿ ಅದು 112 ಪರ್ಸೆಂಟಿಗೆ ನಿಲ್ಲುತ್ತದೆ. ಈ ಕಾರ್ಡು 125 ವ್ಯಾಟ್‌ದು, ಅಂದರೆ 140 ವ್ಯಾಟ್‌ವರೆಗೆ ಹೋಗಬಹುದು. ಮದರ್‌ಬೋರ್ಡ್ ಸ್ಲಾಟ್ 75 ವ್ಯಾಟ್ ಕೊಡುತ್ತದೆ, 8 ಪಿನ್ ಕೇಬಲ್ 150 ಕೊಡುತ್ತದೆ, ಆ ಲೆಕ್ಕದಲ್ಲಿ ಭಯ ಇಲ್ಲ. ಭಯ ಇರುವುದು ಪವರ್ ಸಪ್ಲೈ ಕಡೆ. ಹೆಸರೇ ಇಲ್ಲದ ಅಗ್ಗದ ಎಸ್‌ಎಂಪಿಎಸ್ ಹಾಕಿಕೊಂಡು, ಹಳೇ ಹಾರ್ಡ್ ಡಿಸ್ಕ್ ಪ್ಲಗ್ಗಿಗೆ ಕನ್ವರ್ಟರ್ ಸಿಕ್ಕಿಸಿ 8 ಪಿನ್ ಮಾಡಿಕೊಂಡವರು ಈ ಕೆಲಸಕ್ಕೆ ಕೈ ಹಾಕಬೇಡಿ. ಮೊದಲು ಅದನ್ನು ಬದಲಿಸಿ.

ವೋಲ್ಟೇಜ್ ಸ್ಲೈಡರ್ ಮುಟ್ಟಲಿಲ್ಲ. ಬಯಾಸ್ ಫ್ಲ್ಯಾಶ್ ಮಾಡುವ, ಅಂದರೆ ಕಾರ್ಡಿನೊಳಗಿನ ಮೂಲ ಸಾಫ್ಟ್‌ವೇರ್ ಬದಲಿಸುವ ಮಾತೇ ಇಲ್ಲ. ಇವೆರಡನ್ನು ಮುಟ್ಟದಿದ್ದರೆ ಇವತ್ತಿನ ಕಾರ್ಡುಗಳು ಸುಲಭಕ್ಕೆ ಸುಡುವುದಿಲ್ಲ, ಬಿಸಿ ಮತ್ತು ಪವರ್ ಎರಡಕ್ಕೂ ತಮ್ಮದೇ ಬೇಲಿ ಹಾಕಿಕೊಂಡಿರುತ್ತವೆ. ಕ್ರ್ಯಾಶ್ ಆದರೆ ಆಗಲಿ ಅಂತ ಧೈರ್ಯವಾಗಿ ಕೋರ್ ಏರಿಸಬಹುದು. ಕಾರ್ಡು 2 ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ತಾನೇ ಡ್ರೈವರನ್ನು ಎಬ್ಬಿಸುತ್ತದೆ. ಸ್ಕ್ರೀನ್ ಒಮ್ಮೆ ಕಪ್ಪಾಗಿ ವಾಪಸ್ ಬರುತ್ತದೆ, ಇಲ್ಲವೇ ಗೇಮ್ ಮುಚ್ಚಿಹೋಗುತ್ತದೆ.

ಕೋರ್‌ಗೆ 60 ಹಾಕಿದೆ, ಪಾಸ್. 90, ಪಾಸ್. 105, 120 ಕೂಡ ಪಾಸ್. 135ಕ್ಕೆ ಟೈಮ್ ಸ್ಪೈ ಎರಡನೇ ಟೆಸ್ಟಿನ ಮಧ್ಯೆ ಸತ್ತಿತು. ಆಯ್ತು, 120 ನಮ್ಮ ಗಡಿ ಅಂದುಕೊಂಡು ಪ್ರೊಫೈಲ್ ಸೇವ್ ಮಾಡಿದೆ. ಆ ರಾತ್ರಿ ಅಳಿಯ ಒಂದೂವರೆ ಗಂಟೆ ಆಡಿದ, ಏನೂ ಆಗಲಿಲ್ಲ. ಮರುದಿನ ಬೆಳಗ್ಗೆ ಆರೂವರೆಗೆ ಕಂಪ್ಯೂಟರ್ ಹಾಕಿ ಗೇಮ್ ತೆರೆದ, ಮೆನುವಿನಲ್ಲೇ ಕ್ರ್ಯಾಶ್! ಬಿಸಿಲಲ್ಲಿ ಓಡಿದ್ದು ತಂಪಲ್ಲಿ ಏಕೆ ಬೀಳಬೇಕು ಅಂತ ಇಬ್ಬರೂ ತಲೆ ಕೆರೆದುಕೊಂಡೆವು.

ಯೋಚಿಸಿದರೆ ಅದೇ ಸರಿ. ಕೋರ್ ಸ್ಲೈಡರ್ ಒಂದು ನಂಬರನ್ನು ಏರಿಸುವುದಿಲ್ಲ, ಇಷ್ಟು ವೋಲ್ಟೇಜಿಗೆ ಇಷ್ಟು ಕ್ಲಾಕ್ ಅನ್ನುವ ಇಡೀ ಪಟ್ಟಿಯನ್ನೇ ಮೇಲಕ್ಕೆತ್ತುತ್ತದೆ. ಮಧ್ಯಾಹ್ನ 73 ಡಿಗ್ರಿಯಲ್ಲಿ ಕಾರ್ಡು ಪಟ್ಟಿಯ ಮೇಲಿನ ಮೆಟ್ಟಿಲುಗಳಿಗೆ ಹೋಗುವುದೇ ಇಲ್ಲ. ಬೆಳಗ್ಗೆ ತಣ್ಣಗಿದ್ದಾಗ, ಮೆನುವಿನಂಥ ಹಗುರ ಕೆಲಸದಲ್ಲಿ, ಸೀದಾ ಮೇಲಿನ ಮೆಟ್ಟಿಲಿಗೆ ಹಾರುತ್ತದೆ. ಆ ಮೆಟ್ಟಿಲನ್ನು ನಾವು ಪರೀಕ್ಷೆ ಮಾಡಿರಲೇ ಇಲ್ಲ. ಬೇಸಿಗೆಯ ಮಧ್ಯಾಹ್ನ ಓವರ್‌ಕ್ಲಾಕ್ ಮಾಡಿ ಮುಗಿಸಿದೆ ಅನ್ನುವವರು ಒಂದು ಸಲ ನಸುಕಿನಲ್ಲಿ ಎದ್ದು ಟೆಸ್ಟ್ ಮಾಡಬೇಕು, ಇಲ್ಲವೇ ಡಿಸೆಂಬರ್‌ವರೆಗೆ ಕಾಯಬೇಕು. 90ಕ್ಕೆ ಇಳಿಸಿದೆ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತೂ ಓಡಿತು.

ಇನ್ನು ಮೆಮೊರಿ. ಆಫ್ಟರ್‌ಬರ್ನರ್‌ನಲ್ಲಿ ಇದರ ಮೆಮೊರಿ 7000 ಚಿಲ್ಲರೆ ಅಂತ ಕಾಣುತ್ತದೆ, ಅಸಲಿಗೆ ಅದು 14 ಜಿಬಿಪಿಎಸ್, ಅಂದರೆ ಒಂದೊಂದು ಗೆರೆಗೆ ಸೆಕೆಂಡಿಗೆ 14 ಗಿಗಾಬಿಟ್. 192 ಬಿಟ್ ದಾರಿಯಲ್ಲಿ ಸೆಕೆಂಡಿಗೆ 336 ಜಿಬಿ. 500 ಸೇರಿಸಿದರೆ 15 ಜಿಬಿಪಿಎಸ್, ಅಂದರೆ 360 ಜಿಬಿ. ಈ ಕಾರ್ಡಿಗೆ ಮೆಮೊರಿ ಏರಿಸಿದರೆ ಲಾಭ ಚೆನ್ನಾಗಿಯೇ ಕಾಣುತ್ತದೆ. ನೂರು ನೂರರಂತೆ ಏರಿಸುತ್ತಾ ಹೋದೆ. 800ರವರೆಗೆ ಸ್ಕೋರ್ ಏರಿತು. 900ಕ್ಕೆ ಕ್ರ್ಯಾಶ್ ಏನೂ ಇಲ್ಲ, ಆದರೆ ಸ್ಕೋರ್ ಹಿಂದಕ್ಕೆ ಬಂತು. ತಪ್ಪು ಬಂದ ಡೇಟಾವನ್ನು ಮತ್ತೆ ಕಳಿಸುವ ವ್ಯವಸ್ಥೆ ಇರುವ ಮೆಮೊರಿಯಲ್ಲಿ ಹೀಗಾಗುತ್ತದೆ, ಓಡುವುದು ಜೋರು, ಮಾಡಿದ್ದನ್ನೇ ಮತ್ತೆ ಮಾಡುತ್ತಾ ಕೂರುವುದರಿಂದ ಒಟ್ಟಿಗೆ ನಿಧಾನ. 1000ಕ್ಕೆ ಸ್ಕ್ರೀನ್ ಮೇಲೆ ಬಣ್ಣದ ಚುಕ್ಕೆಗಳು ಮಿಂಚಿದವು. ಸ್ಕೋರ್ ಬಿದ್ದ ಜಾಗದಿಂದ ಎರಡು ಹೆಜ್ಜೆ ಹಿಂದೆ ಬಂದು 700ಕ್ಕೆ ನಿಲ್ಲಿಸಿದೆ. ಕೋರ್ 90, ಮೆಮೊರಿ 700, ಸ್ಕೋರ್ 6450. 3ಡಿಮಾರ್ಕ್ ಸ್ಟ್ರೆಸ್ ಟೆಸ್ಟ್ 20 ಸುತ್ತು, 97 ಪರ್ಸೆಂಟ್ ಮೇಲೆ ಬಂದರೆ ಪಾಸ್, ನಮ್ಮದು 98 ಚಿಲ್ಲರೆ. (ಮೊದಲ ಸಲ ಹದಿನಾರನೇ ಸುತ್ತಿಗೆ ಕರೆಂಟ್ ಹೋಯಿತು, ಅದು ಬೇರೆ ಕಥೆ.) ಅಳಿಯ ಕುಣಿದ. ನಾನೂ ಕಂಪ್ಯೂಟರ್ ಹಾಕಿದ ಕೂಡಲೇ ಸೆಟ್ಟಿಂಗ್ ತಾನಾಗೇ ಬರುವ ಹಾಗೆ ಟಿಕ್ ಹಾಕಿಬಿಟ್ಟೆ.

ಎರಡು ವಾರ ಆರಾಮ. ಆಮೇಲೆ ಒಂದು ಮದುವೆ ವಿಡಿಯೊ ಬಂತು, ಎರಡೂಕಾಲು ಗಂಟೆಯದು. ಡಾವಿಂಚಿ ರಿಸಾಲ್ವ್‌ನಲ್ಲಿ ಕಲರ್ ಮಾಡಿ, ಕಲ್ಯಾಣ ಮಂಟಪದ ಕತ್ತಲೆ ಮೂಲೆಗಳಿಗೆ ನಾಯ್ಸ್ ರಿಡಕ್ಷನ್ ಹಾಕಿ, ರಾತ್ರಿ ಎಕ್ಸ್‌ಪೋರ್ಟ್‌ಗೆ ಬಿಟ್ಟು ಮಲಗಿದೆ. ಬೆಳಗ್ಗೆ ಫೈಲ್ ರೆಡಿ ಇತ್ತು. ಎರರ್ ಇಲ್ಲ, ಕ್ರ್ಯಾಶ್ ಇಲ್ಲ. ಅಲ್ಲಲ್ಲಿ ಎಳೆದು ನೋಡಿ ಪೆನ್‌ಡ್ರೈವಿಗೆ ಹಾಕಿ ಕೊಟ್ಟೆ.

ಸಂಜೆ ಮದುಮಗಳ ಚಿಕ್ಕಪ್ಪನ ಫೋನು. "ಏನ್ರೀ, ತಾಳಿ ಕಟ್ಟೋ ಹೊತ್ತಿಗೆ ಹುಡುಗಿ ಮುಖದ ಮೇಲೆ ಹಸಿರು ಚೌಕ ಬರ್ತದಲ್ರೀ?" ತೆರೆದು ನೋಡಿದೆ. ಇಡೀ ಎರಡೂಕಾಲು ಗಂಟೆಯಲ್ಲಿ ಮೂರು ಜಾಗ, ಒಂದೊಂದೂ ಕಣ್ಣು ಮಿಟುಕಿಸುವಷ್ಟು ಹೊತ್ತು, ಹಸಿರು ಇಟ್ಟಿಗೆಗಳು. ಮೂರರಲ್ಲಿ ಒಂದು ತಾಳಿ ಕಟ್ಟುವಾಗಲೇ ಬರಬೇಕೆ! ಕ್ಷಮೆ ಕೇಳಿದೆ. ಕಾರ್ಡನ್ನು ಸ್ಟಾಕ್‌ಗೆ, ಅಂದರೆ ಕಂಪನಿ ಇಟ್ಟ ವೇಗಕ್ಕೆ ಇಳಿಸಿ ಅದೇ ಪ್ರಾಜೆಕ್ಟನ್ನು ಮತ್ತೆ ಎಕ್ಸ್‌ಪೋರ್ಟ್ ಮಾಡಿದೆ, ಶುರುವಿಂದ ಕೊನೆವರೆಗೆ ಕೂತು ನೋಡಿದೆ. ಒಂದು ಇಟ್ಟಿಗೆಯೂ ಇಲ್ಲ.

ಆವತ್ತು ಹೊಟ್ಟೆಯಲ್ಲಿ ಏನೋ ತಳಮಳ. ಕೋರ್ ಜಾಸ್ತಿಯಾದರೆ ಕಾರ್ಡು ಬಿದ್ದು ಹೇಳುತ್ತದೆ. ಮೆಮೊರಿ ಜಾಸ್ತಿಯಾದರೆ ಸುಮ್ನೆ ತಪ್ಪು ಬರೆದು ಮುಂದೆ ಹೋಗುತ್ತದೆ. ಗೇಮಿನಲ್ಲಿ ಒಂದು ಪಿಕ್ಸೆಲ್ ತಪ್ಪಾದರೆ ಯಾರಿಗೆ ಬೇಕು, ಮುಂದಿನ ಫ್ರೇಮಿಗೆ ಅದು ಮಾಯ. ಬೆಂಚ್‌ಮಾರ್ಕ್ ಎಷ್ಟು ಫ್ರೇಮ್ ಬಂತು ಅಂತ ಎಣಿಸುತ್ತದೆ, ಫ್ರೇಮ್ ಒಳಗೆ ಏನಿದೆ ಅಂತ ನೋಡುವುದಿಲ್ಲ. ನಾನು 20 ಸುತ್ತು ಪಾಸಾಯಿತು ಅಂತ ಹಿಗ್ಗಿದ್ದೆನಲ್ಲ, ಅದು ಹೊರೆ ಹೊತ್ತ ಲೆಕ್ಕ. ಸರಿ ತಪ್ಪಿನ ಲೆಕ್ಕ ನಾನು ಕೇಳಿರಲೇ ಇಲ್ಲ.

ಓಸಿಸಿಟಿ ಅನ್ನುವ ಟೂಲಿನಲ್ಲಿ ವಿಡಿಯೊ ಮೆಮೊರಿಗೇ ಅಂತ ಒಂದು ಟೆಸ್ಟ್ ಇದೆ. ಮೆಮೊರಿಗೆ ಬರೆದು, ಮತ್ತೆ ಓದಿ, ಬರೆದದ್ದೇ ವಾಪಸ್ ಬಂತಾ ಅಂತ ತಾಳೆ ನೋಡುತ್ತದೆ. 700ರಲ್ಲಿ ಬಿಟ್ಟೆ. ಮೊದಲ ಹತ್ತು ನಿಮಿಷ ಸೊನ್ನೆ ತಪ್ಪು. ಇಪ್ಪತ್ತು ನಿಮಿಷ ದಾಟಿದ ಮೇಲೆ ಒಂದೆರಡು, ಆಮೇಲೆ ಬಡಬಡ. 500ರಲ್ಲೂ ಅರ್ಧ ಗಂಟೆಗೆ ಒಂದು ತಪ್ಪು. ತಣ್ಣಗಿದ್ದಾಗ ಸರಿ, ಕಾದ ಮೇಲೆ ತಪ್ಪು. ಕೋರ್ ಬಿಸಿ ಮಾತ್ರ 70ರ ಆಸುಪಾಸೇ ಇದೆ. ಮೆಮೊರಿ ಬಿಸಿ ತೋರಿಸುವ ಸೆನ್ಸರ್ ನನ್ನ ಕಾರ್ಡಿನಲ್ಲಿ ಕಾಣುವುದಿಲ್ಲ. ಆಗ ನೆನಪಾಯಿತು ಆ ಹರಿದ ಪ್ಯಾಡ್.

ಮತ್ತೆ ಬಿಚ್ಚಿದೆ. ಒತ್ತಿ ಸೇರಿಸಿದ್ದ ಪ್ಯಾಡ್ ಪಕ್ಕಕ್ಕೆ ಜಾರಿ, ಆ ಚಿಪ್ಪಿನ ಅರ್ಧ ಮೈ ಬರಿದಾಗಿತ್ತು. ಹೊಸ ಪ್ಯಾಡ್ ತರಬೇಕು, ಎಷ್ಟು ದಪ್ಪದ್ದು? ಊರಲ್ಲಿ ಸಿಕ್ಕಿದ್ದು ಒಂದೂವರೆ ಮಿಲಿಮೀಟರಿನದು. ಸ್ವಲ್ಪ ದಪ್ಪ ಇದ್ದರೆ ಒಳ್ಳೆಯದೇ ಅಲ್ವಾ, ಚೆನ್ನಾಗಿ ಒತ್ತಿಕೊಳ್ಳುತ್ತದೆ ಅಂದುಕೊಂಡು ಆರಕ್ಕೂ ಹಾಕಿ ಮುಚ್ಚಿದೆ. ಟೆಸ್ಟ್ ಹಾಕಿದ ಒಂದೇ ನಿಮಿಷಕ್ಕೆ ಕೋರ್ 83. ದಪ್ಪ ಪ್ಯಾಡುಗಳು ಹೀಟ್‌ಸಿಂಕನ್ನು ಎತ್ತಿ ಹಿಡಿದು, ಅದು ಚಿಪ್ಪಿಗೆ ಕೂರಲು ಬಿಟ್ಟಿರಲಿಲ್ಲ. ತಕ್ಷಣ ಆಫ್ ಮಾಡಿದೆ. ಬಿಚ್ಚಿ ನೋಡಿದರೆ ಪೇಸ್ಟ್ ಹಾಕಿದ ಹಾಗೇ ಇದೆ, ಒತ್ತಿದ ಗುರುತೇ ಇಲ್ಲ.

ಹಳೇ ಪ್ಯಾಡಿನ ಒತ್ತದೆ ಉಳಿದ ಅಂಚನ್ನು ವರ್ನಿಯರ್‌ನಲ್ಲಿ ಅಳೆದರೆ ಒಂದು ಮಿಲಿಮೀಟರ್. ಇದನ್ನು ಮೊದಲೇ ಮಾಡಬೇಕಿತ್ತು, ಅದಕ್ಕೆ ಐದು ನಿಮಿಷವೂ ಬೇಡ. ನಿಮ್ಮ ಕಾರ್ಡಿಗೂ ಇದೇ ದಪ್ಪ ಅಂತ ತಿಳಿಯಬೇಡಿ, ಕಂಪನಿ ಕಂಪನಿಗೆ ಬೇರೆ, ಒಂದೇ ಕಾರ್ಡಿನಲ್ಲಿ ಮೆಮೊರಿಗೆ ಒಂದು, ವೋಲ್ಟೇಜ್ ನೋಡಿಕೊಳ್ಳುವ ವಿಆರ್‌ಎಂಗೆ ಇನ್ನೊಂದು ಇರುತ್ತದೆ. ಒಂದು ಮಿಲಿಮೀಟರಿನದು ಆನ್‌ಲೈನಲ್ಲಿ ತರಿಸಿದೆ. ಹಾಕಿ, ಸುಮ್ಮನೆ ಒಮ್ಮೆ ಬಿಗಿದು, ಮತ್ತೆ ಬಿಚ್ಚಿ ನೋಡಿದೆ: ಆರು ಪ್ಯಾಡಿನಲ್ಲೂ ಚಿಪ್ಪಿನ ಚೌಕ ಅಚ್ಚೊತ್ತಿತ್ತು, ಪೇಸ್ಟ್ ಸಮನಾಗಿ ಹರಡಿತ್ತು. ಪೇಸ್ಟ್ ಒರೆಸಿ ಹೊಸದು ಹಾಕಿ ಮುಚ್ಚಿದೆ. ಆ ತಿಂಗಳಲ್ಲಿ ಅರ್ಧ ಟ್ಯೂಬ್ ಪೇಸ್ಟ್ ಖಾಲಿ.

ಮತ್ತೆ ಓಸಿಸಿಟಿ. 600ರಲ್ಲಿ ಎರಡು ಗಂಟೆ, ಮಧ್ಯಾಹ್ನ ಎರಡರಿಂದ ನಾಲ್ಕು, ಕಿಟಕಿ ಮುಚ್ಚಿ ಬೇಕಂತಲೇ ರೂಮು ಕಾಯಿಸಿ: ಸೊನ್ನೆ. 700ರಲ್ಲಿ ಒಂದು ಗಂಟೆಯ ಮೇಲೆ ಎರಡು ತಪ್ಪು. ಅಳಿಯ 700 ಇರಲಿ ಅಂತ ಗೋಗರೆದ. ನಾನು 500 ಅಂದೆ.

ಎಡಿಟಿಂಗ್‌ಗೆ ಬೇರೆಯೇ ಪ್ರೊಫೈಲ್ ಮಾಡಿದೆ, ಈಗ ನನಗೆ ಇದೇ ಹೆಚ್ಚು ಇಷ್ಟ. ಇದು ಏರಿಸುವುದಲ್ಲ, ಇಳಿಸುವುದು. ಆಫ್ಟರ್‌ಬರ್ನರ್‌ನಲ್ಲಿ ಕಂಟ್ರೋಲ್ ಹಿಡಿದು ಎಫ್ ಒತ್ತಿದರೆ ಆ ವೋಲ್ಟೇಜ್ ಪಟ್ಟಿ ಗ್ರಾಫಾಗಿ ತೆರೆಯುತ್ತದೆ. ಮೊದಲು ಕೋರ್ ಸ್ಲೈಡರನ್ನು ಮೈನಸ್ 200ಕ್ಕೆ ಎಳೆದು ಇಡೀ ಗೆರೆ ಕೆಳಗಿಳಿಸಿದೆ. ಆಮೇಲೆ 900 ಮಿಲಿವೋಲ್ಟ್ ಇರುವ ಚುಕ್ಕೆಯನ್ನು ಮಾತ್ರ 1860ಕ್ಕೆ ಎತ್ತಿ ಅಪ್ಲೈ ಒತ್ತಿದೆ. ಅದರ ಬಲಗಡೆ ಗೆರೆ ಮಟ್ಟಸವಾಯಿತು, ಅಂದರೆ ಕಾರ್ಡು 900 ದಾಟಿ ವೋಲ್ಟೇಜ್ ಕೇಳುವುದೇ ಇಲ್ಲ. ಮೊದಲು ಇದೇ ಕ್ಲಾಕಿಗೆ 1040 ತೆಗೆದುಕೊಳ್ಳುತ್ತಿತ್ತು. ಪವರ್ ಲೆಕ್ಕ ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ ನಡೆಯುತ್ತದೆ, ಹಾಗಾಗಿ ವೋಲ್ಟೇಜ್ ಸ್ವಲ್ಪ ಇಳಿದರೂ ಬಿಸಿ ತುಂಬ ಇಳಿಯುತ್ತದೆ. 125 ವ್ಯಾಟ್ ಎಳೆಯುತ್ತಿದ್ದದ್ದು 95ರ ಹತ್ತಿರ ಬಂತು, ಬಿಸಿ 63, ಫ್ಯಾನಿನ ಸದ್ದು ಸೀಲಿಂಗ್ ಫ್ಯಾನಿನ ಸದ್ದಲ್ಲಿ ಮುಳುಗಿತು. ಕ್ಲಾಕ್ ಬಹುತೇಕ ಅಷ್ಟೇ. ಅಂಡರ್‌ವೋಲ್ಟ್ ಕೂಡ ಜಾಸ್ತಿಯಾದರೆ ಬೀಳುತ್ತದೆ, 875ರಲ್ಲಿ ನನ್ನದು ಬಿತ್ತು. ಅದರ ಪರೀಕ್ಷೆಯೂ ಅದೇ ಮೂರು ಹೊತ್ತು. ಈ ಪ್ರೊಫೈಲಿನಲ್ಲಿ ಮೆಮೊರಿ ಸ್ಟಾಕ್, ಒಂದು ಮೆಗಾಹರ್ಟ್ಸ್ ಕೂಡ ಸೇರಿಸಿಲ್ಲ.

ಈಗ ವ್ಯವಸ್ಥೆ ಹೀಗಿದೆ. ಕಂಪ್ಯೂಟರ್ ಹಾಕಿದರೆ ತಾನಾಗಿ ಯಾವ ಓವರ್‌ಕ್ಲಾಕೂ ಬರುವುದಿಲ್ಲ, ಆ ಟಿಕ್ ತೆಗೆದಿದ್ದೇನೆ. ನಾನು ಕೂತರೆ 1 ಒತ್ತುತ್ತೇನೆ, ಅಂಡರ್‌ವೋಲ್ಟ್. ಅಳಿಯ ಕೂತರೆ 2, ಕೋರ್ 90, ಮೆಮೊರಿ 500. ಅವನು ಎದ್ದು ಹೋಗುವಾಗ ವಾಪಸ್ 1 ಒತ್ತಿ ಹೋಗಬೇಕು ಅಂತ ಮಾನಿಟರ್ ಕೆಳಗೆ ಚೀಟಿ ಅಂಟಿಸಿದ್ದೇನೆ. ಮೊನ್ನೆ ನೋಡಿದರೆ ಚೀಟಿಯ ಕೆಳಗೆ ಪೆನ್ಸಿಲ್ಲಿನಲ್ಲಿ ಸಣ್ಣದಾಗಿ ಬರೆದಿದ್ದ: "550 ಆದರೂ ಮಾಡು ಮಾಮ."